‘ನನ್ನ ಹತ್ತಿರ ಯಾರು ಬಂದು ಕಲಿಯುತ್ತಾರೆ?’

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಎಲ್ಲರಿಗೂ ಮನೆಯಿಂದಲೇ ಆನ್‌ಲೈನ್‌ನಲ್ಲಿ ಕಲಿಸಿ ನಾಲ್ಕು ಕಾಸು ಸಂಪಾದಿಸುವ ಆಸೆ, ಎಲ್ಲರಿಗೂ ಅಳುಕು. ಆದರೆ ನಾಲ್ವರ ಅಳುಕೂ ಒಂದೇ ಥರದ್ದಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ‘ಧೈರ್ಯವಾಗಿರಿ’ ಅಂತ ಒಂದೇ ಮಾತು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಮೊದಲನೇ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ, ಅದರಲ್ಲಿ ಮಾತಾಡುವುದು ತುಂಬ ಇತ್ತು.

ಪ್ರಶ್ನೆ: ನಮಸ್ತೆ ಮೇಡಂ. ನನಗೆ 38 ವರ್ಷ, ಹಾಸನದಲ್ಲಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದ್ದೇನೆ. ಅದರ ಮುಂದಿನ ವಿದ್ವತ್ ಪರೀಕ್ಷೆ ಕಟ್ಟಬೇಕು ಅನ್ನುವಷ್ಟರಲ್ಲಿ ಮದುವೆ, ಮಗು, ಅತ್ತೆಯ ಆರೋಗ್ಯ ಅಂತ ಅಲ್ಲಿಗೇ ನಿಂತಿತು. ಒಂಬತ್ತು ವರ್ಷದಿಂದ ಮನೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ತಿಂಗಳಿಗೆ 500 ರೂಪಾಯಿ. ಹತ್ತಿರದಲ್ಲಿ ಬೇರೆ ಟೀಚರ್ ಇಲ್ಲ ಅಂತ ಬರುತ್ತಾರೆ ಅಷ್ಟೇ. ಇಬ್ಬರು ಜೂನಿಯರ್ ಪಾಸಾದರು, ಅವರು ಮೊದಲೇ ಜಾಣ ಮಕ್ಕಳು. ನನ್ನ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ. ತನ್ನ ಮಗಳಿಗೂ ಇಬ್ಬರು ಗೆಳತಿಯರ ಮಕ್ಕಳಿಗೂ ಆನ್‌ಲೈನ್‌ನಲ್ಲಿ ಹೇಳಿಕೊಡಿ ಅತ್ತಿಗೆ ಅಂತ ಒಂದು ವರ್ಷದಿಂದ ಗಂಟುಬಿದ್ದಿದ್ದಾಳೆ. ನಾನು ಏನೇನೋ ನೆಪ ಹೇಳಿ ಮುಂದೆ ಹಾಕುತ್ತಿದ್ದೇನೆ. ಯೂಟ್ಯೂಬ್‌ನಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಪಾಠ ಪುಕ್ಕಟೆ ಸಿಗುವಾಗ ನನ್ನ ಹತ್ತಿರ ಯಾರು ಬಂದು ಕಲಿಯುತ್ತಾರೆ? ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ. ಅಷ್ಟು ಫೀಸು ಕೇಳಲು ನಾಲಿಗೆ ಏಳುವುದಿಲ್ಲ. ನಮ್ಮ ಗುರುಗಳ ಕಿವಿಗೆ ಬಿದ್ದರೆ ‘ಇವಳು ಏನು ಕಲಿತಳು ಅಂತ ವಿದೇಶಕ್ಕೆಲ್ಲ ಪಾಠ ಮಾಡುತ್ತಾಳೆ’ ಅಂದುಕೊಂಡಾರು ಅನ್ನುವ ಭಯ ಬೇರೆ. ನನಗೆ ನಿಜವಾಗಿಯೂ ಯೋಗ್ಯತೆ ಇಲ್ಲವೋ, ಇದು ಸುಮ್ನೆ ಹೆದರಿಕೆಯೋ, ತಿಳಿಯುತ್ತಿಲ್ಲ.
– ಹಾಸನದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಾಲನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಒಂಬತ್ತು ವರ್ಷ ಪಾಠ ಹೇಳಿದ್ದೀರಿ, ಅದಕ್ಕೆ ಕಾರಣ ‘ಬೇರೆ ಟೀಚರ್ ಇಲ್ಲ’. ಇಬ್ಬರು ಜೂನಿಯರ್ ಪಾಸಾದರು, ಅದಕ್ಕೆ ಕಾರಣ ‘ಅವರು ಜಾಣ ಮಕ್ಕಳು’. ವಿದ್ವತ್ ಆಗಲಿಲ್ಲ ಅನ್ನುವುದು ಮಾತ್ರ ಪೂರ್ತಿ ನಿಮ್ಮ ಲೆಕ್ಕಕ್ಕೆ! ಒಳ್ಳೆಯದೆಲ್ಲ ಬೇರೆಯವರ ಖಾತೆಗೆ ಜಮಾ, ಕೊರತೆ ಮಾತ್ರ ನಿಮ್ಮ ಖಾತೆಗೆ.

ಇದು ನಿಮಗೊಬ್ಬರಿಗೇ ಆಗುವುದಲ್ಲ. 1978ರಲ್ಲಿ ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆಯೇ ಒಂದು ಲೇಖನ ಬರೆದರು. ಓದಿ, ಪದವಿ ಪಡೆದು, ಕೆಲಸದಲ್ಲಿ ಹೆಸರು ಮಾಡಿದ ಹೆಂಗಸರೇ ‘ನನಗೆ ಅಂಥದ್ದೇನೂ ಗೊತ್ತಿಲ್ಲ, ಇವರಿಗೆಲ್ಲ ಹೇಗೋ ಗೊತ್ತಾಗಿಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ’ ಅಂದುಕೊಂಡಿರುತ್ತಾರೆ ಅನ್ನುವುದನ್ನು ಅವರು ಗುರುತಿಸಿದರು. ಅದಕ್ಕೆ ಇಂಪೋಸ್ಟರ್ ಫಿನಾಮಿನನ್ ಅಂತ ಹೆಸರಿಟ್ಟರು. ಗೆದ್ದದ್ದನ್ನೆಲ್ಲ ಅದೃಷ್ಟ, ಪರಿಚಯ, ಯಾರದೋ ಒಳ್ಳೆಯತನ ಅಂತ ತಳ್ಳಿಹಾಕುವುದು ಇದರ ದೊಡ್ಡ ಗುರುತು. ಎಷ್ಟೇ ಸಾಧಿಸಿದರೂ ಆತ್ಮವಿಶ್ವಾಸ ಏರದೇ ಇರುವುದು ಇದರಿಂದಲೇ, ಯಾಕೆಂದರೆ ಸಾಧಿಸಿದ್ದು ಲೆಕ್ಕಕ್ಕೇ ಬಂದಿರುವುದಿಲ್ಲ. ನೀವು ನಾಳೆ ವಿದ್ವತ್ ಪಾಸಾದರೂ ‘ಈ ಸಲ ಪ್ರಶ್ನೆಪತ್ರಿಕೆ ಸುಲಭ ಇತ್ತು’ ಅನ್ನುತ್ತೀರಿ, ನನಗೆ ಅನುಮಾನವೇ ಇಲ್ಲ.

ಹಾಗಾಗಿ ‘ನನಗೆ ಯೋಗ್ಯತೆ ಇದೆಯಾ’ ಅನ್ನುವ ದೊಡ್ಡ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಅದಕ್ಕೆ ಉತ್ತರ ಸಿಗುವುದಿಲ್ಲ. ಬದಲಿಗೆ, ನಾದಿನಿ ಕೇಳುತ್ತಿರುವುದು ಏನು ಅಂತ ನೋಡಿ. ಮಕ್ಕಳಿಗೆ ಏಳೋ ಎಂಟೋ ವರ್ಷ ಇರಬಹುದು. ಶ್ರುತಿ ಹಿಡಿಯುವುದು, ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಒಂದೆರಡು ಗೀತೆ, ಹಬ್ಬಕ್ಕೆ ಹಾಡಲು ಒಂದು ದೇವರನಾಮ. ಒಂದೆರಡು ವರ್ಷದ ಪಾಠ ಇಷ್ಟೇ. ಇದನ್ನು ನೀವು ಒಂಬತ್ತು ವರ್ಷದಿಂದ ದಿನಾ ಸಂಜೆ ಮಾಡುತ್ತಿದ್ದೀರಿ. ರಾಗ ತಾನ ಪಲ್ಲವಿಯಂಥ ದೊಡ್ಡ ಪಾಠ ಹೇಳಿಕೊಡಿ ಅಂತ ಯಾರೂ ನಿಮ್ಮನ್ನು ಕೇಳಿಲ್ಲ. ಕೇಳಿದ ದಿನ ‘ನಾನು ಇಲ್ಲಿಯವರೆಗೆ ಹೇಳಿಕೊಡುತ್ತೇನೆ, ಮುಂದಕ್ಕೆ ಇಂಥವರ ಹತ್ತಿರ ಹೋಗಿ’ ಅಂತ ಹೇಳಿದರಾಯಿತು. ನನ್ನ ಸಲಹೆ, ಈ ಮಾತನ್ನು ಮೊದಲನೇ ದಿನವೇ ಪೋಷಕರಿಗೆ ಹೇಳಿಬಿಡಿ. ನನ್ನದು ಸೀನಿಯರ್ ಆಗಿದೆ, ಜೂನಿಯರ್ ಮಟ್ಟದವರೆಗೆ ಚೆನ್ನಾಗಿ ತಯಾರು ಮಾಡುತ್ತೇನೆ ಅಂತ. ಎಲ್ಲಿಯವರೆಗೆ ಬರುತ್ತದೆ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಸಿಕ್ಕಿಬೀಳುವ ಪ್ರಶ್ನೆಯೇ ಇಲ್ಲ, ಅಲ್ವಾ?

ಇನ್ನು ಯೂಟ್ಯೂಬ್ ವಿದ್ವಾಂಸರ ವಿಷಯ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಕುಟ್ಟುವವರು ಅರ್ಧದಷ್ಟು ಹಾಡನ್ನಾದರೂ ಕೇಳುವವರು ಗುರುತಿಸುತ್ತಾರೆ ಅಂದುಕೊಂಡಿದ್ದರು. ಕುಟ್ಟಿದ 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಬರೀ 3. ಕುಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಓಡುತ್ತಿರುತ್ತದೆ. ಎದುರಿಗಿರುವವರಿಗೆ ಕೇಳಿಸುವುದು ಟಕ್ ಟಕ್ ಮಾತ್ರ. ತುಂಬಾ ಬಲ್ಲವರಿಗೆ ಏನೂ ಬಾರದವರ ಕಷ್ಟ ಕಾಣದೇ ಹೋಗುವುದು ಹೀಗೆ. ಎಲ್ಲ ವಿದ್ವಾಂಸರೂ ಹಾಗೆ ಅಂತ ಹೇಳುತ್ತಿಲ್ಲ, ಪುಟ್ಟ ಮಕ್ಕಳಿಗೆ ಅದ್ಭುತವಾಗಿ ಪಾಠ ಮಾಡುವ ಹಿರಿಯರು ನಮ್ಮಲ್ಲಿ ಇದ್ದಾರೆ. ಆದರೆ ರೆಕಾರ್ಡ್ ಆದ ವಿಡಿಯೊಗೆ ಕಿವಿ ಇಲ್ಲ. ಮೊದಲ ಪಾಠಗಳ ರಾಗ ಮಾಯಾಮಾಳವಗೌಳದಲ್ಲಿ ಶುದ್ಧ ರಿಷಭ (ರಿ) ಷಡ್ಜಕ್ಕೆ (ಸ) ಅಂಟಿಕೊಂಡ ಹಾಗೆ ಇರುತ್ತದೆ, ಮಗು ಅದನ್ನು ಒಂಚೂರು ಏರಿಸಿಬಿಡುತ್ತದೆ. ‘ಅಷ್ಟು ಮೇಲೆ ಬೇಡ ಪುಟ್ಟಾ, ಸ ಪಕ್ಕದಲ್ಲೇ ಕೂತ್ಕೋ’ ಅಂತ ನೀವು ನಿಲ್ಲಿಸುತ್ತೀರಲ್ಲ, ಆ ಒಂದು ಕ್ಷಣಕ್ಕೆ ಪೋಷಕರು ದುಡ್ಡು ಕೊಡುವುದು.

ಈಗ ನಿಮ್ಮ ಅಳುಕಿನಲ್ಲಿ ನಿಜ ಇರುವ ಭಾಗಕ್ಕೆ ಬರುತ್ತೇನೆ. ಸಂಗೀತ ಕಲಿಸುವುದು ನಿಮಗೆ ಗೊತ್ತು. ಆನ್‌ಲೈನ್‌ನಲ್ಲಿ ಕಲಿಸುವುದು ಗೊತ್ತಿಲ್ಲ. ಅದು ಬೇರೆಯೇ ಕೆಲಸ, ಕಲಿಯಬೇಕು, ಸ್ವಲ್ಪ ದಿನದಲ್ಲಿ ಬಂದೇ ಬರುತ್ತದೆ.

ಮುಖ್ಯ ತೊಡಕು ಒಂದೇ: ಜೂಮ್‌ನಲ್ಲಾಗಲಿ ಗೂಗಲ್ ಮೀಟ್‌ನಲ್ಲಾಗಲಿ ಇಬ್ಬರೂ ಒಟ್ಟಿಗೆ ಹಾಡಲು ಆಗುವುದಿಲ್ಲ. ದನಿ ಅಲ್ಲಿಗೆ ಹೋಗಿ ಬರಲು ಒಂದು ಚೂರು ಹೊತ್ತು ಹಿಡಿಯುತ್ತದೆ. ನೀವು ಮನೆಯಲ್ಲಿ ಮಾಡುವ ಹಾಗೆ ತೊಡೆ ತಟ್ಟಿ ತಾಳ ಹಾಕುತ್ತಾ ಮಗುವಿನ ಜೊತೆ ಹಾಡಿಸಲು ಹೋದರೆ ನಿಮ್ಮ ಕಿವಿಗೆ ಮಗು ಯಾವಾಗಲೂ ತಾಳಕ್ಕೆ ಹಿಂದೆ ಬಿದ್ದ ಹಾಗೆ ಕೇಳಿಸುತ್ತದೆ. ಮಗುವನ್ನು ಗದರುತ್ತೀರಿ, ಪಾಪ ಅದರದ್ದೇನೂ ತಪ್ಪಿರುವುದಿಲ್ಲ. ಹಾಗಾಗಿ ನೀವು ಒಂದು ಸಾಲು ಹಾಡಿ ಮ್ಯೂಟ್ ಮಾಡಿಕೊಳ್ಳಿ, ಮಗು ತನ್ನ ತಾಳ ತಾನೇ ಹಾಕಿಕೊಂಡು ಹೇಳಲಿ. ತಾಳ ಹಾಕುವ ಕೈ ನಿಮಗೆ ಕಾಣುವ ಹಾಗೆ ಅವರಮ್ಮ ಕ್ಯಾಮೆರಾ ಇಡಲಿ. ಶ್ರುತಿಯೂ ಅಷ್ಟೇ. ನಿಮ್ಮ ಮನೆಯ ಶ್ರುತಿ ಪೆಟ್ಟಿಗೆ ಮಗುವಿಗೆ ಸರಿಯಾಗಿ ಕೇಳಿಸುವುದಿಲ್ಲ, ಏಕೆಂದರೆ ಒಂದೇ ಸಮನೆ ಬರುವ ತಂಬೂರಿ ನಾದವನ್ನು ಈ ಆ್ಯಪ್‌ಗಳು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತವೆ. ಮಗುವಿನ ಪಕ್ಕ ಇನ್ನೊಂದು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಸಿ, ಯಾವ ಶ್ರುತಿ ಅಂತ ನೀವು ಹೇಳಿ. ಜೂಮ್‌ನಲ್ಲಾದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್’ ಅಂತ ಇದೆ, ಸಂಗೀತಗಾರರಿಗೇ ಅಂತ ಮಾಡಿದ್ದು, ಅದನ್ನು ಎರಡೂ ಕಡೆ ಆನ್ ಮಾಡಿಸಿ. ಕಿವಿಗೆ ವೈರ್ ಇರುವ ಇಯರ್‌ಫೋನ್ ಇರಲಿ, ಬ್ಲೂಟೂತ್‌ನಲ್ಲಿ ದನಿ ಇನ್ನಷ್ಟು ತಡವಾಗುತ್ತದೆ. ಜೂಮ್ ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಕಡಿದುಹೋಗುತ್ತದೆ. ಏಳು ವರ್ಷದ ಮಗುವಿಗೆ ಅಷ್ಟು ಹೊತ್ತು ಧಾರಾಳ ಸಾಕು.

ಹೊತ್ತಿನ ಲೆಕ್ಕವನ್ನೂ ಮೊದಲೇ ಗೋಡೆಗೆ ಅಂಟಿಸಿಕೊಳ್ಳಿ. ನ್ಯೂಜೆರ್ಸಿಯಲ್ಲಿ ಶನಿವಾರ ಬೆಳಿಗ್ಗೆ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರ್ ಮೊದಲನೇ ಭಾನುವಾರ ಹಿಂದಕ್ಕೆ. ಇದು ಗೊತ್ತಿಲ್ಲದೆ ಒಂದು ದಿನ ಮಗು ಅಲ್ಲಿ ಕಾಯುತ್ತಾ ಕೂತು, ನೀವು ಇಲ್ಲಿ ಅಡುಗೆಮನೆಯಲ್ಲಿದ್ದರೆ, ‘ನನಗೆ ಇದೆಲ್ಲ ಆಗುವುದಲ್ಲ’ ಅಂತ ಮತ್ತೆ ಶುರುವಾಗುತ್ತದೆ. ವಾರದ ದಿನ ಅವರ ಸಂಜೆಗೆ ಒಪ್ಪಿಕೊಳ್ಳಲೇಬೇಡಿ. ಅವರ ಸಂಜೆ 6 ಅಂದರೆ ನಿಮಗೆ ಬೆಳಗಿನ ಜಾವ ಮೂರೂವರೆ, ಇಲ್ಲಾ ನಾಲ್ಕೂವರೆ. ಮುಂದೆ ವಾರದ ದಿನಗಳಲ್ಲೂ ಕ್ಲಾಸ್ ಬೇಕು ಅನ್ನಿಸಿದರೆ ದುಬೈ ಕಡೆಯ ಕನ್ನಡದ ಮನೆಗಳು ನಿಮಗೆ ಅನುಕೂಲ. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ಮಾತ್ರ ವ್ಯತ್ಯಾಸ, ಗಡಿಯಾರ ತಿರುಗಿಸುವ ರಗಳೆಯೂ ಇಲ್ಲ.

ಇಂಗ್ಲಿಷ್ ಬಗ್ಗೆ ಇಷ್ಟು ಚಿಂತೆ ಬೇಡ. ಷಡ್ಜ, ಶ್ರುತಿ, ತಾಳ, ವರಸೆ ಎಲ್ಲವೂ ಅಲ್ಲೂ ಅದೇ ಮಾತು. ‘ಇನ್ನೊಮ್ಮೆ ಹೇಳು’, ‘ನಿಧಾನ’, ‘ಮೊದಲು ಕೇಳಿಸಿಕೋ’ ಅನ್ನುವಂಥ ಒಂದಿಪ್ಪತ್ತು ಮಾತು ಇಂಗ್ಲಿಷ್‌ನಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ, ಅದೂ ಬೇಕಾದರೆ. ಆ ಮನೆಗಳ ಅಪ್ಪ ಅಮ್ಮಂದಿರಿಗೆ ಮಗು ಕನ್ನಡ ಕೇಳಲಿ ಅನ್ನುವ ಆಸೆ ಎಷ್ಟಿರುತ್ತದೆ ಅಂತ ಒಂದು ಸಲ ನಾದಿನಿಯನ್ನೇ ಕೇಳಿ. ದಾಸರ ಪದದ ಒಂದೊಂದು ಮಾತಿಗೂ ಕನ್ನಡದಲ್ಲಿ ಅರ್ಥ ಬಿಡಿಸಿ ಹೇಳುವ ಟೀಚರ್ ಅಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಗುರುಗಳ ಭಯಕ್ಕೆ ಮನೆಯಲ್ಲಿ ಕೂತು ಯೋಚಿಸಿದರೆ ಪರಿಹಾರ ಇಲ್ಲ. ಹೋಗಿ ನೋಡಿ. ಎಲೆ ಅಡಿಕೆ ಹಣ್ಣು ಇಟ್ಟು ನಮಸ್ಕಾರ ಮಾಡಿ ‘ಹೀಗೆ ಮೂರು ಮಕ್ಕಳಿಗೆ ಶುರು ಮಾಡುತ್ತಿದ್ದೇನೆ, ಆಶೀರ್ವಾದ ಮಾಡಿ’ ಅನ್ನಿ. ನಿಂತುಹೋದ ಪಾಠವನ್ನು ಮತ್ತೆ ಶುರು ಮಾಡಬಹುದಾ ಅಂತಲೂ ಕೇಳಿ. ಬರುವ ಫೀಸಿನಲ್ಲಿ ಒಂದು ಭಾಗ ನಿಮ್ಮ ವಿದ್ವತ್ ಪಾಠಕ್ಕೇ ಎತ್ತಿಡಿ. ಅವರು ಏನಾದರೂ ಕಟುವಾಗಿ ಹೇಳಿದರೆ? ಹೇಳಿದರೂ ಅದು ಒಂದು ಮಾತು. ಈಗ ನೀವು ಅವರ ಬಾಯಿಯಲ್ಲಿ ದಿನಕ್ಕೆ ಹತ್ತು ಮಾತು ಹೇಳಿಸುತ್ತಿದ್ದೀರಿ.

ಫೀಸು ಡಾಲರ್‌ನಲ್ಲಿ ಹೇಳಲು ಆಗದಿದ್ದರೆ ರೂಪಾಯಿಯಲ್ಲೇ ಹೇಳಿ. ಆದರೆ ಹಾಸನದ 500ನ್ನೇ ಅಲ್ಲಿಗೂ ಹಚ್ಚಬೇಡಿ. ಇಲ್ಲಿ ಆರು ಮಕ್ಕಳನ್ನು ಒಟ್ಟಿಗೆ ಕೂರಿಸುತ್ತೀರಿ, ಆನ್‌ಲೈನ್‌ನಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳಬೇಕು, ಒಟ್ಟಿಗೆ ಹಾಡಿಸಲು ಆಗುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ. ನಿಮ್ಮ ಒಂದು ಗಂಟೆಗೆ ಇಲ್ಲಿ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆ ಆಗದ ಹಾಗೆ ಒಂದು ಮೊತ್ತ ಹೇಳಿ. ಬಾಯಲ್ಲಿ ಹೇಳಲು ಸಂಕೋಚವಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: ತಿಂಗಳಿಗೆ ಎಷ್ಟು ಕ್ಲಾಸ್, ಎಷ್ಟು ಫೀಸು, ಮಗು ತಪ್ಪಿಸಿದರೆ ಏನು. ಅವರಿಗೆ ಇಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಇದ್ದರೆ ಅಮೆರಿಕದ ಮೊಬೈಲ್ ನಂಬರಿಗೇ ಯುಪಿಐ ಜೋಡಿಸಿಕೊಳ್ಳುವ ಸೌಲಭ್ಯ ಈಗ ಇದೆ, ಬ್ಯಾಂಕಿನಲ್ಲಿ ಕೇಳಲಿ. ನಾದಿನಿಯ ಮಗಳಿಗೆ ಮಾತ್ರ ಫೀಸು ಬೇಡ ಅನ್ನಿಸಿದರೆ ನಿಮ್ಮಿಷ್ಟ. ಗೆಳತಿಯರ ಮಕ್ಕಳಿಗೆ ಮೊದಲ ತಿಂಗಳಿಂದಲೇ ಫೀಸು ಇರಲಿ.

ಅಳುಕು ಯಾವಾಗ ಹೋಗುತ್ತದೆ? ಶುರು ಮಾಡುವ ಮೊದಲು ಹೋಗುವುದಿಲ್ಲ. ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲಿ ಇದನ್ನೇ ವಿವರಿಸಿದರು. ‘ನನ್ನ ಕೈಲಿ ಆಗುತ್ತದೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ನೋಡಿದರೆ, ಬೇರೆಯವರ ಹುರಿದುಂಬಿಸುವ ಮಾತಿಗಿಂತ, ನಮ್ಮಂಥವರು ಮಾಡಿದ್ದನ್ನು ನೋಡುವುದಕ್ಕಿಂತ, ನಾವೇ ಮಾಡಿ ಮುಗಿಸಿದ್ದರ ಬಲ ಜಾಸ್ತಿ. ಅದಕ್ಕೇ ನಾನು ನಿಮಗೆ ಧೈರ್ಯ ತುಂಬುವ ಮಾತು ಕಡಿಮೆ ಆಡಿ, ಇಯರ್‌ಫೋನ್ ಬಗ್ಗೆ ಜಾಸ್ತಿ ಬರೆದದ್ದು. ಈ ಶನಿವಾರ ನಾದಿನಿಯ ಮಗಳೊಬ್ಬಳನ್ನೇ ಕೂರಿಸಿಕೊಂಡು ಅರ್ಧ ಗಂಟೆ ಮಾಡಿ. ಬೇರೆ ಇಬ್ಬರು ಆಮೇಲೆ. ಕ್ಲಾಸ್ ಮುಗಿದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಆ ದಿನ ಮಗುವಿಗೆ ಹೊಸದಾಗಿ ಏನು ಬಂತು ಅಂತ ಒಂದು ಸಾಲು ಬರೆಯಿರಿ. ‘ಮೂರನೇ ಸರಳೆ ಎರಡನೇ ಕಾಲದ ವೇಗದಲ್ಲಿ ಜಾರದೆ ಹೇಳಿದಳು’, ಇಷ್ಟು ಸಾಕು. ‘ಜಾಣ ಮಗು’ ಅಂತ ಮಾತ್ರ ಬರೆಯಬೇಡಿ!

ಪ್ರಶ್ನೆ: ಬ್ಯಾಂಕಿನಲ್ಲಿ 34 ವರ್ಷ ದುಡಿದು ಮ್ಯಾನೇಜರ್ ಆಗಿ ನಿವೃತ್ತನಾಗಿದ್ದೇನೆ. ಹಳ್ಳಿ ಕಡೆಯ ಹುಡುಗರಿಗೆ ಬ್ಯಾಂಕ್ ಪರೀಕ್ಷೆಗೆ ಕನ್ನಡದಲ್ಲಿ ಆನ್‌ಲೈನ್ ಕೋಚಿಂಗ್ ಕೊಡಬೇಕು ಅಂತಿದೆ. ಕೆಲವು ವಿಡಿಯೊ ಮಾಡಿ ಹಾಕಿದೆ, ನೂರು ಜನ ಕೂಡ ನೋಡಲಿಲ್ಲ. ಕ್ಯಾಮೆರಾ ಕಂಡರೆ ದನಿ ನಡುಗುತ್ತದೆ. ‘ದೊಡ್ಡ ದೊಡ್ಡ ಆ್ಯಪ್‌ಗಳ ಮುಂದೆ ನಿಮ್ಮದು ನಡೆಯಲ್ಲ ಅಪ್ಪಾ’ ಅಂತ ಮಗ ಅನ್ನುತ್ತಾನೆ. ಈ ವಯಸ್ಸಿನಲ್ಲಿ ಬೇಕಿತ್ತಾ ಅನ್ನಿಸುತ್ತಿದೆ.
– ದಾವಣಗೆರೆಯ ಓದುಗರು

ಉತ್ತರ: ಸರ್, ನಿಮ್ಮ ಆಲೋಚನೆ ಕಾಲಕ್ಕೆ ತಕ್ಕದ್ದೇ ಆಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವಾಲಯ ಸಾರ್ವಜನಿಕ ವಲಯದ ಬ್ಯಾಂಕುಗಳ ಕ್ಲರ್ಕ್ ನೇಮಕಾತಿಯ ಪ್ರಿಲಿಮ್ಸ್ ಮತ್ತು ಮೇನ್ಸ್ ಎರಡನ್ನೂ ಇಂಗ್ಲಿಷ್, ಹಿಂದಿ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕು ಅಂತ ಶಿಫಾರಸು ಮಾಡಿತು. ಅದರಲ್ಲಿ ಕನ್ನಡವೂ ಇದೆ. ಕನ್ನಡದಲ್ಲೇ ಪ್ರಶ್ನೆ ಓದಿ ಬರೆಯುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲೇ ವಿವರಿಸುವವರು ಬೇಕೇ ಬೇಕು.

ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಈಗಿನ ಪ್ರಿಲಿಮ್ಸ್ ಪೇಪರ್ ಒಂದನ್ನು ನೀವು ಗಡಿಯಾರ ಇಟ್ಟುಕೊಂಡು ಬಿಡಿಸಿದ್ದೀರಾ? 60 ನಿಮಿಷ, 100 ಪ್ರಶ್ನೆ. ಇಂಗ್ಲಿಷ್ 30, ಲೆಕ್ಕ 35, ರೀಸನಿಂಗ್ 35. ಒಂದೊಂದು ಭಾಗಕ್ಕೂ 20 ನಿಮಿಷ, ತಪ್ಪಾದರೆ ಕಾಲು ಅಂಕ ಕಟ್. ಬ್ಯಾಂಕಿನ 34 ವರ್ಷದ ಅನುಭವ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಇದು ವೇಗದ ಪರೀಕ್ಷೆ. ಮನೆಯಲ್ಲೇ ಕೂತು ಹಳೆಯ ಪೇಪರ್ ಬಿಡಿಸಿ ನೋಡಿ. ಸಲೀಸಾಗಿ ಆದರೆ ಸರಿ. ಆಗದಿದ್ದರೆ ಆ ಭಾಗವನ್ನು ಚೆನ್ನಾಗಿ ಹೇಳಿಕೊಡುವ ಒಬ್ಬ ಹುಡುಗನನ್ನು ಜೊತೆಗೆ ಸೇರಿಸಿಕೊಳ್ಳಿ. ನಿಮ್ಮ ನಿಜವಾದ ಬಂಡವಾಳ ಇರುವುದು ಮೇನ್ಸ್‌ನ ಫೈನಾನ್ಷಿಯಲ್ ಅವೇರ್‌ನೆಸ್‌ನಲ್ಲಿ, ಮತ್ತು ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಯ ಇಂಟರ್‌ವ್ಯೂನಲ್ಲಿ. ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಅಂದರೇನು ಅಂತ ಪುಸ್ತಕದಲ್ಲಿ ನಾಲ್ಕು ಸಾಲು ಇರುತ್ತದೆ. ಸಾಲ ಕಟ್ಟಲಾಗದ ಅಡಿಕೆ ಬೆಳೆಗಾರ ಬ್ಯಾಂಕಿಗೆ ಬಂದು ನಿಮ್ಮ ಮೇಜಿನ ಎದುರು ಕೂತದ್ದನ್ನು ನೀವು ಹೇಳಿದರೆ ಅದು ಹುಡುಗರ ತಲೆಯಲ್ಲಿ ಉಳಿಯುತ್ತದೆ. ಇಂಟರ್‌ವ್ಯೂನಲ್ಲಿ ‘ಬ್ಯಾಂಕ್ ಯಾಕೆ ಸೇರಬೇಕು’ ಅಂತ ಕೇಳಿದಾಗ ಗಿಳಿಪಾಠ ಒಪ್ಪಿಸುವ ಹುಡುಗನನ್ನು ತಿದ್ದಲು ನಿಮಗಿಂತ ಸರಿಯಾದವರು ಯಾರಿದ್ದಾರೆ?

ವಿಡಿಯೊ ನೋಡಿದವರ ಸಂಖ್ಯೆಯನ್ನು ತಲೆಗೆ ಹಚ್ಚಿಕೊಳ್ಳಬೇಡಿ. ವಿಡಿಯೊ ಮಾಡುವುದು ಬೇರೆ, ಪಾಠ ಮಾಡುವುದು ಬೇರೆ, ನಿಮಗೆ ಬೇಕಿರುವುದು ಎರಡನೆಯದು. ಖಾಲಿ ಕ್ಯಾಮೆರಾಕ್ಕೆ ಮಾತಾಡುವಾಗ ಎಂಥವರಿಗೂ ದನಿ ಬಿಗಿಯುತ್ತದೆ, ಯಾರೂ ತಲೆ ಆಡಿಸುವುದಿಲ್ಲ, ಅರ್ಥವಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ನಿಮ್ಮ ಊರಿನ ಕಾಲೇಜಿನಿಂದ, ಪರಿಚಯದವರ ಮನೆಗಳಿಂದ ಐದಾರು ಹುಡುಗರನ್ನು ಸೇರಿಸಿ ಗೂಗಲ್ ಮೀಟ್‌ನಲ್ಲಿ ಮುಖ ನೋಡಿಕೊಂಡು ಪಾಠ ಮಾಡಿ. ಪುಕ್ಕಟೆಯಾಗಿಯೇ ಒಂದು ಗಂಟೆ ಸಿಗುತ್ತದೆ. ಅವರಲ್ಲಿ ಇಬ್ಬರು ತಮ್ಮ ಗೆಳೆಯರನ್ನು ಕರೆತಂದರೆ ಮಗನ ಮಾತಿಗೆ ಉತ್ತರ ಸಿಕ್ಕಿತು.

ಜಾಹೀರಾತಿನಲ್ಲಿ ಮಾತ್ರ ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಅಂತ ಯಾರ ಒತ್ತಾಯಕ್ಕೂ ಬರೆಯಬೇಡಿ. ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಸುಳ್ಳು ಗ್ಯಾರಂಟಿ ಕೊಡುವಂತಿಲ್ಲ, ಆಯ್ಕೆಯಾದ ಅಭ್ಯರ್ಥಿಯ ಬರಹದ ಒಪ್ಪಿಗೆ ಇಲ್ಲದೆ ಅವರ ಹೆಸರು, ಫೋಟೊ ಹಾಕುವಂತಿಲ್ಲ. ಅದರ ವ್ಯಾಖ್ಯೆಯಲ್ಲಿ ಬರುವುದು 50ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕೇಂದ್ರಗಳು. ನಿಮ್ಮದು ಚಿಕ್ಕದಿದ್ದರೂ ಅದೇ ನಿಯಮ ಪಾಲಿಸಿ.

ಪ್ರಶ್ನೆ: ನಾನು ಎಚ್‌ಆರ್ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿ ಬಿಟ್ಟಿದ್ದೇನೆ. ವಾರಾಂತ್ಯದ ಎರಡು ದಿನದ ಕೋರ್ಸಿಗೆ 45,000 ಕೊಟ್ಟು ‘ಲೈಫ್ ಕೋಚ್’ ಸರ್ಟಿಫಿಕೇಟ್ ತೆಗೆದುಕೊಂಡೆ. ಮೊದಲ ಕ್ಲಯಂಟ್ ಒಬ್ಬಳು ಹುಡುಗಿ, ಎರಡನೇ ಕರೆಯಲ್ಲೇ ಅತ್ತುಬಿಟ್ಟಳು. ತಿಂಗಳಿಂದ ನಿದ್ದೆ ಇಲ್ಲ, ಬದುಕುವುದೇ ಬೇಡ ಅನ್ನಿಸುತ್ತದೆ ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಂದಿನಿಂದ ಈ ಕೆಲಸಕ್ಕೆ ನಾನು ಲಾಯಕ್ಕಾ ಅನ್ನುವ ಅನುಮಾನ. ಕೋರ್ಸ್ ಮಾಡಿಸಿದವರು ‘ಅದು ನಿನ್ನ ಲಿಮಿಟಿಂಗ್ ಬಿಲೀಫ್ (ನಿನ್ನನ್ನೇ ಕಟ್ಟಿಹಾಕುವ ನಂಬಿಕೆ), ಮೀರಿ ಹೋಗು, ಪ್ಯಾಕೇಜ್ ಬೆಲೆ ಏರಿಸು’ ಅನ್ನುತ್ತಾರೆ.
– ಮೈಸೂರಿನ ಓದುಗರು

ಉತ್ತರ: ಮೊದಲು ಆ ಹುಡುಗಿಗೆ ಇವತ್ತೇ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ನಂಬರ್ ಕಳಿಸಿ ಸುಮ್ಮನಾಗಬೇಡಿ, ಆಗುವುದಾದರೆ ನೀವೇ ಜೊತೆಗಿದ್ದು ಕರೆ ಮಾಡಿಸಿ. ಮನೆಯಲ್ಲಿ ಯಾರಿಗೆ ಹೇಳಿದ್ದೀಯಾ ಅಂತ ಕೇಳಿ, ಅವಳು ನಂಬುವ ಒಬ್ಬರು ಈಗಲೇ ಜೊತೆಗಿರುವ ಹಾಗೆ ನೋಡಿಕೊಳ್ಳಿ. ಮನೋವೈದ್ಯರ ಹತ್ತಿರ ಹೋಗುವವರೆಗೂ ವಿಚಾರಿಸಿ. ಅವಳ ಫೀಸು ವಾಪಸ್ ಕೊಡಿ.

ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಅದನ್ನು ಮೀರಿ ಹೋಗಬೇಡಿ. ಬದುಕುವುದು ಬೇಡ ಅನ್ನುವವರ ಕೈ ಹಿಡಿಯಲು ಎರಡು ದಿನದ ತರಬೇತಿ ಸಾಲದು ಅಂತ ನಿಮ್ಮ ಮನಸ್ಸು ಹೇಳಿದ್ದು ವಿವೇಕದ ಮಾತು. ಅದಕ್ಕೆ ‘ಲಿಮಿಟಿಂಗ್ ಬಿಲೀಫ್’ ಅಂತ ಹೆಸರಿಟ್ಟು ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ, ಹಾಗಾಗಿ ತಡೆಯುವವರೂ ಇಲ್ಲ. ಹೋಲಿಕೆಗೆ ಹೇಳುತ್ತೇನೆ: ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವಾದ ಐಸಿಎಫ್ ತನ್ನ ಮೊದಲ ಮೆಟ್ಟಿಲಿನ ಮಾನ್ಯತೆ ಎಸಿಸಿ ಕೊಡಲಿಕ್ಕೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಕೇಳುತ್ತದೆ. ಅಷ್ಟು ಮಾಡಿದವರು ಕೂಡ ಖಿನ್ನತೆಗೆ ಚಿಕಿತ್ಸೆ ಕೊಡುವಂತಿಲ್ಲ, ಅದು ವೈದ್ಯರ ಕೆಲಸ.

ಹಾಗಂತ ನಿಮಗೆ ಕಲಿಸಲು ಏನೂ ಇಲ್ಲ ಅಂತಲ್ಲ. ಆರು ವರ್ಷ ಎಚ್‌ಆರ್‌ನಲ್ಲಿ ಇದ್ದವರು ನೀವು. ರೆಸ್ಯುಮೆ ಯಾಕೆ ಮೊದಲ ಸುತ್ತಿನಲ್ಲೇ ಕಸದಬುಟ್ಟಿಗೆ ಹೋಗುತ್ತದೆ, ಇಂಟರ್‌ವ್ಯೂನಲ್ಲಿ ಸಂಬಳದ ಮಾತು ಬಂದಾಗ ಏನು ಹೇಳಬೇಕು, ಆಫರ್ ಲೆಟರ್‌ನಲ್ಲಿ ಯಾವ ಸಾಲನ್ನು ಎರಡು ಸಲ ಓದಬೇಕು, ಇದೆಲ್ಲ ನಿಮಗೆ ಅಂಗೈ ಗೆರೆಯ ಹಾಗೆ ಗೊತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಕಡಿಮೆ. ಬೋರ್ಡ್ ಬದಲಿಸಿ. ನನಗನ್ನಿಸುವುದು, ಈ ಕೆಲಸದಲ್ಲಿ ನಿಮಗೆ ಮೊನ್ನೆ ಬಂದಂಥ ಅನುಮಾನ ಬರುವುದೇ ಇಲ್ಲ.

ಪ್ರಶ್ನೆ: ಆನ್‌ಲೈನ್ ಯೋಗ ಕ್ಲಾಸ್ ಶುರು ಮಾಡಿ ಮೂರು ತಿಂಗಳಾಯಿತು, ಎಂಟು ಜನ ಇದ್ದಾರೆ. ಅದರಲ್ಲಿ ಐವರು ನೆಂಟರು, ಫೀಸು ಕೊಡುವುದಿಲ್ಲ. ಕೇಳಿದರೆ ಬಿಟ್ಟುಹೋಗುತ್ತಾರೆ, ಆಗ ನಾನು ಸೋತ ಹಾಗೆ ಅನ್ನಿಸುತ್ತದೆ. ಮತ್ತೆ ಜಿಎಸ್‌ಟಿ ಮಾಡಿಸಬೇಕಾ?
– ಶಿರಸಿಯ ಓದುಗರು

ಉತ್ತರ: ಫೀಸು ಕೊಡುವ ಮೂವರು ನಿಮ್ಮ ಕ್ಲಾಸ್ ಚೆನ್ನಾಗಿದೆ ಅಂತ ಪ್ರತಿ ತಿಂಗಳೂ ಹೇಳುತ್ತಿದ್ದಾರೆ, ಅವರನ್ನು ಲೆಕ್ಕಕ್ಕೆ ಹಿಡಿಯಿರಿ. ನೆಂಟರಿಗೆ ಮುಂದಿನ ತಿಂಗಳ ಒಂದನೇ ತಾರೀಕಿಂದ ಫೀಸು ಅಂತ ಗ್ರೂಪಿನಲ್ಲಿ ಎಲ್ಲರಿಗೂ ಒಟ್ಟಿಗೆ ತಿಳಿಸಿ, ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಲು ಹೋದರೆ ಮಾತು ಬೆಳೆಯುತ್ತದೆ. ಐವರೂ ಬಿಟ್ಟುಹೋದರೂ ಬೆಳಿಗ್ಗೆ ಆರು ಗಂಟೆಗೆ ನಿಮಗಾಗಿ ಚಾಪೆ ಹಾಸಿ ಕೂರುವ ಮೂವರು ಇದ್ದೇ ಇರುತ್ತಾರೆ, ಅವರ ಮೇಲೆ ಗಮನ ಕೊಡಲು ಹೊತ್ತೂ ಸಿಗುತ್ತದೆ.

ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಬೇಕು. ಸದ್ಯಕ್ಕೆ ನಿಮಗೆ ಅದರ ಗೊಡವೆ ಇಲ್ಲ. ಬೇಕಿದ್ದರೆ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಆಧಾರ್, ಪ್ಯಾನ್ ನಂಬರ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು, ಪೂರ್ತಿ ಉಚಿತ. ಇದಕ್ಕೆ ದುಡ್ಡು ಕೇಳುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ, ಅಲ್ಲಿ ಕಟ್ಟಬೇಡಿ. ಬಂದ ಫೀಸಿನ ಲೆಕ್ಕ ಮಾತ್ರ ಮೊದಲ ರೂಪಾಯಿಯಿಂದ ಬರೆದಿಡಿ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ತೋರಿಸಬೇಕಾಗುತ್ತದೆ.